ಇನ್ನೂರು ರೂಪಾಯಿ ಪಿಂಚಣಿ, ನೂರ ತೊಂಬತ್ತೊಂಬತ್ತರ ರೀಚಾರ್ಜ್

ಹಳ್ಳಿಯ ಹಿರಿಯರ ಫೋನ್ ಬಂದ್ ಆಗದಂತೆ ಉಳಿಸಿಕೊಳ್ಳುವ ದಾರಿಗಳು

ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟಿದವರಿಗೆ ಮಾತ್ರ 500. ಯೋಜನೆಗೆ ಈ ಹೆಸರು ಬಂದದ್ದು 2007ರಲ್ಲಿ. ಆಗಲೂ 200, ಈಗಲೂ 200. ಇತ್ತ 2024ರ ಜುಲೈ ಮೊದಲ ವಾರ ಖಾಸಗಿ ಫೋನ್ ಕಂಪನಿಗಳೆಲ್ಲ ಒಟ್ಟಿಗೆ ದರ ಏರಿಸಿದವು. ಏರ್‌ಟೆಲ್ ಮತ್ತು ವಿ ಕಂಪನಿಗಳ 28 ದಿನದ ಕನಿಷ್ಠ ಅನ್‌ಲಿಮಿಟೆಡ್ ಪ್ಯಾಕ್ 179ರಿಂದ 199ಕ್ಕೆ ಹೋಯಿತು, ಜಿಯೋದ್ದು 155ರಿಂದ 189ಕ್ಕೆ. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕರೆನ್ಸಿ ಹಾಕಿಸಬೇಕು. 199ರಂತೆ 2587 ರೂಪಾಯಿ. ವೃದ್ಧಾಪ್ಯ ವೇತನದ ಕೇಂದ್ರದ ಪಾಲು ವರ್ಷಪೂರ್ತಿ ಕೂಡಿಸಿದರೂ 2400.

ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುವುದರಿಂದ ಕರ್ನಾಟಕದಲ್ಲಿ 65 ದಾಟಿದವರ ಕೈಗೆ 1200 ರೂಪಾಯಿ ಬರುತ್ತದೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲೂ ಅಷ್ಟೇ. ಅದರಲ್ಲಿ ಆರನೇ ಒಂದು ಭಾಗ ಫೋನಿಗೆ ಹೋದರೆ, ಮಾತ್ರೆಗೆ, ಕಾಫಿಪುಡಿಗೆ, ಎಲೆಅಡಿಕೆಗೆ, ಮೊಮ್ಮಗುವಿನ ಕೈಗೆ ಇಡುವ ಹತ್ತು ರೂಪಾಯಿಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಬೇಕಾದವರು ಆ ಹಿರಿಯರೇ.

ಈ ಲೇಖನ ಬರೆಯುವಾಗ ನನ್ನ ಕಣ್ಣೆದುರು ಇರುವುದು ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿ. ಮಳೆ ನಂಬಿದ ಸೀಮೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ. ಬೆಳೆ ಕೈಕೊಟ್ಟ ವರ್ಷ ದುಡಿಯುವ ಮಕ್ಕಳು ಬೆಂಗಳೂರಿಗೆ, ಚಿಕ್ಕಮಗಳೂರು-ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವವರು ಅಜ್ಜ, ಅಜ್ಜಿ. ಅಂಥ ಮನೆಯಲ್ಲಿ ಫೋನ್ ಎಂದರೆ ಸಿನಿಮಾ ನೋಡುವ ಸಾಧನವಲ್ಲ. ಹಿಂಬದಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ, ಗುಂಡಿಗಳ ಮೇಲಿನ ಅಂಕಿ ಅಳಿಸಿಹೋದ ಒಂದು ಬಟನ್ ಸೆಟ್. ಅದರಿಂದ ಅಜ್ಜಿ ಫೋನ್ ಮಾಡುವುದು ಅಪರೂಪ. ರಾತ್ರಿ ಊಟದ ಹೊತ್ತಿಗೆ ಮಗನೋ ಮಗಳೋ ಮಾಡಿದ್ದು ಬರಬೇಕು, ಅಷ್ಟೇ. ಆಶಾ ಕಾರ್ಯಕರ್ತೆ ಕರೆದದ್ದು, ಬ್ಯಾಂಕಿನ ಮೆಸೇಜು, ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ಇರುವವರ ಸುದ್ದಿ ಎಲ್ಲವೂ ಬರಬೇಕಾದದ್ದು ಆ ಸೆಟ್ಟಿಗೇ. ಸರ್ಕಾರಿ ಬಸ್ಸು ಸಿಕ್ಕರೆ ಶಕ್ತಿ ಯೋಜನೆಯಲ್ಲಿ ಅಜ್ಜಿ ಪುಕ್ಕಟೆಯಾಗಿ ಪ್ರಯಾಣ ಮಾಡಬಹುದು, ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ಲೂ ಇಲ್ಲ. ಮಗನ ಧ್ವನಿ ಕೇಳುವುದಕ್ಕೆ ಮಾತ್ರ ಯಾವ ಆಸರೆಯೂ ಇಲ್ಲ.

ಆಸರೆ ಇತ್ತು, ಹೋಯಿತು

ಐರ್ಲೆಂಡ್ ದೇಶದಲ್ಲಿ ಹಿರಿಯರ ಮನೆ ಫೋನಿಗೆ ಸರ್ಕಾರ ತಿಂಗಳಿಗೆ 9.50 ಯೂರೊ ಕೊಡುತ್ತಿತ್ತು. 2014ರ ಬಜೆಟ್ಟಿನಲ್ಲಿ ಅದನ್ನು ರದ್ದು ಮಾಡಿ, 2014ರ ಜನವರಿ 1ರಿಂದ ನಿಲ್ಲಿಸಿತು. ದೊಡ್ಡ ಗದ್ದಲವೇ ಆಯಿತು. 2018ರಲ್ಲಿ, ಒಂಟಿಯಾಗಿ ಬದುಕುವ ಬಡ ಹಿರಿಯರಿಗಾದರೂ ಇರಲಿ ಎಂದು ವಾರಕ್ಕೆ 2.50 ಯೂರೊ ಮತ್ತೆ ಕೊಡತೊಡಗಿತು. ಅಮೆರಿಕದಲ್ಲಿ ಬಡವರ ಫೋನಿಗೆ 1985ರಿಂದಲೂ ನೆರವು ಇದೆ, ಈಗ ಅದು ತಿಂಗಳಿಗೆ 9.25 ಡಾಲರ್.

ನಮ್ಮಲ್ಲಿ ಹಿರಿಯರ ಹೆಸರಿನಲ್ಲಿ ಇಂಥ ಭತ್ಯೆ ಇರಲಿಲ್ಲ. ಆದರೆ ಹಳ್ಳಿ ಮನೆಯ ಫೋನನ್ನು ಅಗ್ಗವಾಗಿಡಲು ಸರ್ಕಾರ ಖರ್ಚು ಮಾಡುತ್ತಿತ್ತು. ಜಗಳೂರು ತಾಲ್ಲೂಕಿನ ಎಸ್‌ಟಿಡಿ ಕೋಡ್ 08196 ಒತ್ತಿ ಊರಿಗೆ ಫೋನ್ ಹಚ್ಚಿದ ತಲೆಮಾರಿಗೆ ಆ ಕಾಲ ನೆನಪಿದೆ. ಹಳ್ಳಿಯ ಲ್ಯಾಂಡ್‌ಲೈನ್ ಬಾಡಿಗೆಯನ್ನು ಅಸಲಿಗಿಂತ ಕಡಿಮೆ ಇಟ್ಟು, ಆ ನಷ್ಟ ತುಂಬಲು 2003ರಿಂದ ಬೇರೆ ಕಂಪನಿಗಳಿಂದ ಒಂದು ಶುಲ್ಕ ವಸೂಲಿ ಮಾಡಿ ಬಿಎಸ್‌ಎನ್‌ಎಲ್‌ಗೆ ಕೊಡುವ ಏರ್ಪಾಡಿತ್ತು. 2008ರ ಏಪ್ರಿಲ್‌ನಲ್ಲಿ ಅದು ಹೋಯಿತು. ಬದಲಿಗೆ ಸಾರ್ವತ್ರಿಕ ಸೇವಾ ನಿಧಿಯಿಂದ ಮೂರು ವರ್ಷ, ವರ್ಷಕ್ಕೆ 2000 ಕೋಟಿ ರೂಪಾಯಿ ಸಿಕ್ಕಿತು. ಅದೂ ಸೊರಗುತ್ತಾ ಬಂತು. 2015ರ ಮೇ ತಿಂಗಳಿನಿಂದ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನಿನಿಂದ ರಾತ್ರಿ 9ರಿಂದ ಬೆಳಿಗ್ಗೆ 7ರ ತನಕ, ಮರುವರ್ಷದಿಂದ ಭಾನುವಾರ ಇಡೀ ದಿನ, ದೇಶದಲ್ಲೆಲ್ಲ ಉಚಿತವಾಗಿ ಮಾತಾಡಬಹುದಿತ್ತು. 2018ರಲ್ಲಿ ರಾತ್ರಿಯ ಸಮಯ 10.30ಕ್ಕೆ ಸರಿಯಿತು, ಭಾನುವಾರದ ಸೌಲಭ್ಯವೂ ನಿಂತಿತು. ಹಳ್ಳಿಯಲ್ಲಿ ಹತ್ತೂವರೆಗೆ ಯಾವ ಹಿರಿಯರು ಎದ್ದಿರುತ್ತಾರೆ?

ಮೊಬೈಲಿನ ಕಥೆ ಇನ್ನೂ ಮುಖ್ಯ, ಏಕೆಂದರೆ ನಮ್ಮ ಹಿರಿಯರ ಕೈಗೆ ಫೋನ್ ಬಂದದ್ದೇ ಮೊಬೈಲ್ ರೂಪದಲ್ಲಿ. 2005ರ ಕೊನೆಗೆ 999 ರೂಪಾಯಿಯ ‘ಲೈಫ್‌ಟೈಮ್’ ಸಿಮ್ ಬಂತು. ಒಮ್ಮೆ ಕೊಟ್ಟರೆ ಇನ್‌ಕಮಿಂಗ್ ನಿಲ್ಲುವುದಿಲ್ಲ ಎಂಬ ಮಾತು. ಮಿಸ್ ಕಾಲ್ ಕೊಟ್ಟರೆ ಮಗ ತಿರುಗಿ ಮಾಡುತ್ತಿದ್ದ, ಅಜ್ಜಿಗೆ ಬಿಡಿಗಾಸೂ ಖರ್ಚಿರಲಿಲ್ಲ. ಕಂಪನಿಗೂ ಅದರಿಂದ ಪೂರ್ತಿ ನಷ್ಟವೇನೂ ಆಗುತ್ತಿರಲಿಲ್ಲ. ಬೇರೆ ಕಂಪನಿಯ ಫೋನಿನಿಂದ ಅಜ್ಜಿಗೆ ಬಂದ ಪ್ರತಿ ಕರೆಗೆ ಆ ಕಂಪನಿ ಅಜ್ಜಿಯ ಕಂಪನಿಗೆ ನಿಮಿಷಕ್ಕೆ ಇಷ್ಟು ಪೈಸೆ ಎಂದು ಕೊಡಬೇಕಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಆ ದರವನ್ನು 20 ಪೈಸೆಯಿಂದ 2015ರಲ್ಲಿ 14ಕ್ಕೆ, 2017ರ ಅಕ್ಟೋಬರ್‌ನಿಂದ 6ಕ್ಕೆ ಇಳಿಸಿತು, 2021ರ ಜನವರಿ 1ರಿಂದ ಸೊನ್ನೆ ಮಾಡಿತು. ಕರೆ ಮಾಡುವವರಿಗೆ ಇದರಿಂದ ಅನುಕೂಲವಾಯಿತು. ಕರೆಗೆ ಕಾದು ಕೂರುವವರು ಮಾತ್ರ ಕಂಪನಿಯ ಲೆಕ್ಕದಲ್ಲಿ ಬರೀ ಹೊರೆಯಾದರು.

ಪರಿಣಾಮ 2018ರ ಕೊನೆಗೇ ಕಾಣಿಸಿತು. ಇನ್‌ಕಮಿಂಗ್ ಉಳಿಯಬೇಕಾದರೆ 28 ದಿನಕ್ಕೊಮ್ಮೆ 35 ರೂಪಾಯಿ ಹಾಕಿಸಲೇಬೇಕು ಎಂದು ಹೇಳಲಾಯಿತು. ಏರ್‌ಟೆಲ್‌ನಲ್ಲಿ ಆ ಕನಿಷ್ಠ ಮೊತ್ತ 2019ರ ಡಿಸೆಂಬರ್‌ನಲ್ಲಿ 45, 2021ರ ಜುಲೈನಲ್ಲಿ 79, ಅದೇ ವರ್ಷ ನವೆಂಬರ್‌ನಲ್ಲಿ 99 ಆಯಿತು. 2023ರ ಆರಂಭದಲ್ಲಿ ಕರ್ನಾಟಕದಲ್ಲಿ 155. ಆಮೇಲೆ 179, ಈಗ 199. ಐದಾರು ವರ್ಷಕ್ಕೆ ಐದೂವರೆ ಪಟ್ಟು. ಕೇಂದ್ರದ ಪಿಂಚಣಿ ಪಾಲು ಈ ಅವಧಿಯಲ್ಲಿ ಒಂದು ರೂಪಾಯಿಯೂ ಏರಲಿಲ್ಲ. ರೈಲಿನಲ್ಲಿ ಹಿರಿಯ ಗಂಡಸರಿಗಿದ್ದ ಶೇ 40, ಹೆಂಗಸರಿಗಿದ್ದ ಶೇ 50ರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಎಲ್ಲರಿಗೂ ಗೊತ್ತಾಯಿತು, ಪತ್ರಿಕೆಗಳಲ್ಲೂ ಬಂತು. ಫೋನಿನ ಆಸರೆ ಹೋದದ್ದಕ್ಕೆ ಅಂಥ ಒಂದು ತಾರೀಖೂ ಇಲ್ಲ, ಆದ್ದರಿಂದ ಕೇಳುವವರೂ ಇಲ್ಲ.

ಡೇಟಾ ಇಲ್ಲದ ಪ್ಯಾಕ್ ಕೇಳಿ ಪಡೆಯಿರಿ

ಇದು ಈ ಲೇಖನದಲ್ಲಿ ನೀವು ನೆನಪಿಡಲೇಬೇಕಾದ ಸಂಗತಿ. 2024ರ ಡಿಸೆಂಬರ್ 23ರಂದು ಟ್ರಾಯ್ ಗ್ರಾಹಕ ರಕ್ಷಣಾ ನಿಯಮಗಳಿಗೆ ಹನ್ನೆರಡನೇ ತಿದ್ದುಪಡಿ ತಂದಿತು. ಇಂಟರ್ನೆಟ್ ಬೇಡದವರ ಮೇಲೆ ಅದನ್ನು ಹೇರಬಾರದು, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಒಂದಾದರೂ ಪ್ಯಾಕನ್ನು ಪ್ರತಿ ಕಂಪನಿ ಇಡಲೇಬೇಕು ಎಂದು ಅದರಲ್ಲಿದೆ. ವಿಶೇಷ ವೋಚರುಗಳ ಗರಿಷ್ಠ ಅವಧಿ 90 ದಿನ ಇದ್ದದ್ದು 365 ದಿನಕ್ಕೆ ಏರಿತು.

2025ರ ಜನವರಿಯಲ್ಲಿ ಕಂಪನಿಗಳು ಅದರಂತೆ ಪ್ಯಾಕ್ ತಂದವು. ಆಗ ನಿಗದಿಯಾದ ದರ ಹೀಗಿತ್ತು: ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ಇಡೀ ವರ್ಷಕ್ಕೆ 1849. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1748. ವಿ ಕಂಪನಿಯಲ್ಲಿ ವರ್ಷಕ್ಕೆ 1849. ಎಷ್ಟು ಹೊತ್ತು ಮಾತಾಡಿದರೂ ಲೆಕ್ಕವಿಲ್ಲ, ನೆಟ್ ಮಾತ್ರ ಇರುವುದಿಲ್ಲ. 199ರದ್ದನ್ನು ಹದಿಮೂರು ಸಲ ಹಾಕಿಸುವ ಬದಲು ವರ್ಷದ ಪ್ಯಾಕ್ ಹಾಕಿಸಿದರೆ 738 ರೂಪಾಯಿ ಉಳಿಯುತ್ತದೆ. ದರಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಹಣ ಕೊಡುವ ಮುಂಚೆ ಆ ದಿನದ ಬೆಲೆ ಕೇಳಿಕೊಳ್ಳಿ.

ಕಷ್ಟ ಇರುವುದು ಅಂಗಡಿಯ ಕಟ್ಟೆಯಲ್ಲಿ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟು ಮುಂದಿಡುತ್ತಾಳೆ. ಹುಡುಗ ಸೆಟ್ ನೋಡಿ, “ಅಜ್ಜಿ, ಪ್ಯಾಕ್ ಮುಗ್ದೈತೆ, ನೂರ ತೊಂಬತ್ತೊಂಬತ್ತು ಹಾಕ್ಲಾ?” ಎನ್ನುತ್ತಾನೆ. ಅಜ್ಜಿ “ಹೂಂ ಹಾಕಪ್ಪ” ಎನ್ನುತ್ತಾಳೆ. ಹುಡುಗನ ತಪ್ಪೂ ಅಲ್ಲ, ಅವನ ಮೊಬೈಲಿನಲ್ಲಿ ಮೊದಲು ಕಾಣುವುದೇ ಅದು. ಮಾತಿನ ಪ್ಯಾಕುಗಳು ಪಟ್ಟಿಯ ತೀರಾ ಕೆಳಗೆ, ಇಲ್ಲವೇ ಬೇರೊಂದು ವಿಭಾಗದಲ್ಲಿ ಇರುತ್ತವೆ. ಆದ್ದರಿಂದ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸೆಟ್ಟಿನ ಜೊತೆ ಕೊಟ್ಟುಬಿಡಿ: “ನೆಟ್ ಬೇಡ. ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್. 84 ದಿನದ್ದು ಅಥವಾ ವರ್ಷದ್ದು.” ಓದು ಬಾರದ ಹಿರಿಯರಿಗೂ ಈ ಚೀಟಿ ಕೆಲಸ ಮಾಡುತ್ತದೆ.

ಒಂದೇ ಸಲ 1849 ರೂಪಾಯಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ನಿಜವಾದದ್ದು. ಅದು ಒಂದೂವರೆ ತಿಂಗಳ ಪಿಂಚಣಿ. ಅಗ್ಗದ ದರ ಸಿಗುವುದು ಒಟ್ಟಿಗೆ ದುಡ್ಡು ಇಡಬಲ್ಲವರಿಗೆ ಮಾತ್ರ. ಬಡವರು ಬಿಡಿಬಿಡಿಯಾಗಿ ಕೊಂಡು ಹೆಚ್ಚು ತೆರುತ್ತಾರೆ. ಟ್ರಾಯ್ ನಿಯಮದಲ್ಲಿ ಉಳಿದ ದೊಡ್ಡ ಲೋಪ ಇದೇ ಎಂಬುದು ನನ್ನ ಅಭಿಪ್ರಾಯ. ಮಾತಿನ ಪ್ಯಾಕ್ ಇಡಿ ಎಂದಿತೇ ಹೊರತು, ಒಂದು ತಿಂಗಳಿನದ್ದೂ ಇಡಿ ಎನ್ನಲಿಲ್ಲ. ಬೆಲೆ ಎಷ್ಟು ಮೀರಬಾರದು ಎಂದೂ ಹೇಳಲಿಲ್ಲ. ಕಂಪನಿಗಳು 84 ದಿನದಿಂದಲೇ ಶುರು ಮಾಡಿದವು. ಸದ್ಯಕ್ಕೆ ಇರುವ ದಾರಿ ಎಂದರೆ, ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2000 ಬರುತ್ತಿದ್ದರೆ ವರ್ಷದಲ್ಲಿ ಒಂದು ಕಂತಿನ ಹಣವನ್ನು ಇದಕ್ಕೆಂದೇ ತೆಗೆದಿಡುವುದು. ಇಲ್ಲವೇ ಸ್ತ್ರೀಶಕ್ತಿ ಸಂಘದಲ್ಲಿ ತಿಂಗಳಿಗೆ 155 ರೂಪಾಯಿ ಬೇರೆ ಕಟ್ಟುವುದು. ಇನ್ನೂ ಸುಲಭದ್ದು, ಗುಳೆ ಹೋದ ಮಕ್ಕಳು ಯುಗಾದಿಗೋ ದೀಪಾವಳಿಗೋ ಊರಿಗೆ ಬಂದಾಗ ಅಪ್ಪ-ಅಮ್ಮನಿಗೆ ಸೀರೆ-ಪಂಚೆಯ ಜೊತೆ ವರ್ಷದ ಪ್ಯಾಕನ್ನೂ ಹಾಕಿಸಿ ಹೋಗುವುದು. ಮೂವರು ಮಕ್ಕಳಿದ್ದರೆ ತಲಾ ಆರುನೂರ ಚಿಲ್ಲರೆ. ಇದನ್ನು ಓದುತ್ತಿರುವವರು ಆ ಮಕ್ಕಳಲ್ಲಿ ಒಬ್ಬರಾಗಿದ್ದರೆ, ದಯವಿಟ್ಟು ಇವತ್ತೇ ಮಾಡಿ. ಬೆಂಗಳೂರಿನಲ್ಲಿ ಕೂತೇ ಹಾಕಿಸಬಹುದು.

ಕಂಪನಿ ಬದಲಿಸುವ ಮುಂಚೆ ಸೆಟ್ ನೋಡಿ

ಹಳೆಯ 2ಜಿ ಬಟನ್ ಸೆಟ್ಟಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಆ ಕಂಪನಿಗೆ 2ಜಿ ಜಾಲವೇ ಇಲ್ಲ. ಅಗ್ಗವೆಂದು ಯಾರೋ ಹೇಳಿದ ಮಾತಿಗೆ ಸಿಮ್ ಬದಲಿಸಿ, ಆಮೇಲೆ ಸೆಟ್ ಮೂಲೆಗೆ ಬಿದ್ದರೆ ಕಷ್ಟ. ಹೊಸ ಸೆಟ್ ಕೊಳ್ಳುವ ಶಕ್ತಿ ಇದ್ದರೆ ಜಿಯೋಭಾರತ್ ಎಂಬ 4ಜಿ ಬಟನ್ ಫೋನಿದೆ, 2023ರಲ್ಲಿ 999 ರೂಪಾಯಿಗೆ ಬಂದದ್ದು. ಅದಕ್ಕೆ ಬೇರೆಯೇ ಪ್ಯಾಕ್: 28 ದಿನಕ್ಕೆ 123, 336 ದಿನಕ್ಕೆ 1234. ಮಾತಿನ ಮಟ್ಟಿಗೆ ಕಂಡ ಅಗ್ಗದ ದರಗಳಲ್ಲಿ ಅದೊಂದು. ಆದರೆ ಆ ಪ್ಯಾಕ್ ಆ ಸೆಟ್ಟಿಗೆ ಮಾತ್ರ, ಸಿಮ್ ತೆಗೆದು ಬೇರೆ ಫೋನಿಗೆ ಹಾಕುವಂತಿಲ್ಲ.

ಬಿಎಸ್‌ಎನ್‌ಎಲ್ ದರ ಸಾಮಾನ್ಯವಾಗಿ ಉಳಿದವರಿಗಿಂತ ಕಡಿಮೆ. ಅಲ್ಲಿ ನೋಡಬೇಕಾದದ್ದು ಸಿಗ್ನಲ್. ಊರಿನ ಬಸ್‌ಸ್ಟಾಂಡಿನಲ್ಲಿ ಸಿಕ್ಕರೆ ಸಾಲದು, ಅಜ್ಜ ಮಲಗುವ ಪಡಸಾಲೆಯಲ್ಲಿ, ಬಾಗಿಲು ಹಾಕಿದ ಮೇಲೂ ಸಿಗಬೇಕು. ಪಕ್ಕದ ಮನೆಯಲ್ಲಿ ಯಾರದಾದರೂ ಬಿಎಸ್‌ಎನ್‌ಎಲ್ ಸಿಮ್ ಇದ್ದರೆ ಒಂದು ರಾತ್ರಿ ಇಸಿದುಕೊಂಡು ಇಟ್ಟು ನೋಡಿ.

ನಂಬರ್ ಬದಲಾಗದೆ ಕಂಪನಿ ಬದಲಿಸಲು, ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ತಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಬೇಕು. ಬರುವ ಕೋಡ್ ನಾಲ್ಕು ದಿನ ನಡೆಯುತ್ತದೆ, ಅಷ್ಟರಲ್ಲಿ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು ಎಂಬುದೊಂದು ಷರತ್ತು. ಹಿರಿಯರ ಪರವಾಗಿ ಮೊಮ್ಮಗ ತನ್ನ ಹೆಸರಿನಲ್ಲಿ ಸಿಮ್ ಮಾಡಿಸುವುದು ರೂಢಿಯಾಗಿದೆ. ಇದು ಒಳ್ಳೆಯದಲ್ಲ. ನಂಬರ್ ಕಾನೂನಿನ ಪ್ರಕಾರ ಅವನದಾಗುತ್ತದೆ, ಅವನಿಲ್ಲದೆ ಕಳೆದ ಸಿಮ್ಮನ್ನು ಮತ್ತೆ ಪಡೆಯಲೂ ಆಗದು. ತೀರಿಕೊಂಡ ಯಜಮಾನರ ಹೆಸರಿನಲ್ಲಿ ಇನ್ನೂ ನಂಬರ್ ನಡೆಯುತ್ತಿದ್ದರೆ, ಮರಣ ಪ್ರಮಾಣಪತ್ರ ಕೊಟ್ಟು ಅಜ್ಜಿಯ ಹೆಸರಿಗೆ ಮಾಡಿಸಿಕೊಳ್ಳಿ.

ಕರೆನ್ಸಿ ಮುಗಿದ ಮೇಲೆ ಏನಾಗುತ್ತದೆ?

ಮೊದಲು ಔಟ್‌ಗೋಯಿಂಗ್ ನಿಲ್ಲುತ್ತದೆ, ಕೆಲವು ದಿನದಲ್ಲಿ ಇನ್‌ಕಮಿಂಗ್ ಕೂಡ. ಆದರೆ ನಂಬರ್ ಕೂಡಲೇ ಹೋಗುವುದಿಲ್ಲ. 2013ರಲ್ಲಿ ಟ್ರಾಯ್ ಮಾಡಿದ ನಿಯಮದಂತೆ, 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ಸಿಮ್ ರದ್ದು ಮಾಡಬಹುದು. ಆ ಹೊತ್ತಿಗೆ ಮೇನ್ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ಬ್ಯಾಲೆನ್ಸ್ ಇರುವ ತನಕ ಹೀಗೇ ಮುಂದುವರಿಯುತ್ತದೆ. ರದ್ದಾದ ಮೇಲೂ 15 ದಿನದೊಳಗೆ ಹೋಗಿ ಕೇಳಿದರೆ ಅದೇ ನಂಬರ್ ವಾಪಸ್ ಸಿಗುತ್ತದೆ. ಇದು ನಂಬರ್ ಉಳಿಸುವ ನಿಯಮ, ಇನ್‌ಕಮಿಂಗ್ ಉಳಿಸುವುದಲ್ಲ. ಎರಡನ್ನೂ ಒಂದೇ ಎಂದು ತಿಳಿದು “ಇಪ್ಪತ್ತು ರೂಪಾಯಿ ಹಾಕಿಸಿದ್ರೆ ಫೋನ್ ಬರ್ತೈತೆ” ಎಂದು ಕಾಯುವವರು ಇದ್ದಾರೆ, ಬರುವುದಿಲ್ಲ. ಆದರೂ ಒಂದು ಇಪ್ಪತ್ತು ರೂಪಾಯಿ ಟಾಪಪ್ ಮೇನ್ ಬ್ಯಾಲೆನ್ಸಿನಲ್ಲಿ ಇಟ್ಟಿರುವುದು ಜಾಣತನ.

ಆ ಬ್ಯಾಲೆನ್ಸ್ ತನ್ನಷ್ಟಕ್ಕೇ ಕರಗುತ್ತಿದ್ದರೆ ಕಾಲರ್ ಟ್ಯೂನ್, ಜಾತಕ, ಕ್ರಿಕೆಟ್ ಸ್ಕೋರು ಎಂದು ಯಾವುದೋ ಸೇವೆ ಅಂಟಿಕೊಂಡಿರುತ್ತದೆ. 155223ಕ್ಕೆ ಫೋನ್ ಮಾಡಿ ತೆಗೆಸಬಹುದು, ಆ ಕರೆ ಉಚಿತ.

ನಂಬರ್ ಉಳಿಸಿಕೊಳ್ಳಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ರದ್ದಾದ ನಂಬರನ್ನು ಕಂಪನಿ ಕೆಲವು ತಿಂಗಳ ಮೇಲೆ ಬೇರೆಯವರಿಗೆ ಕೊಡುತ್ತದೆ. ಅಜ್ಜಿಯ ಪಿಂಚಣಿ ಜಮೆಯಾಗುವ ಖಾತೆಗೆ ಆ ನಂಬರೇ ಇದ್ದರೆ, ದುಡ್ಡಿನ ಮೆಸೇಜು, ಓಟಿಪಿ ಎಲ್ಲ ಹೋಗುವುದು ಗುರುತು ಪರಿಚಯವಿಲ್ಲದವರ ಕೈಗೆ. ನಂಬರ್ ಹೋಗಿಯೇ ಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಆಧಾರಿಗೆ ಹೊಸ ನಂಬರ್ ಸೇರಿಸಿ. ಆಧಾರಿನಲ್ಲಿರುವ ಫೋನ್ ನಂಬರ್ ಬದಲಿಸಲು ಜಗಳೂರಿಗೋ ದಾವಣಗೆರೆಗೋ ಹೋಗಿ ಸಾಲಿನಲ್ಲಿ ನಿಲ್ಲಬೇಕಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಏರ್ಪಾಡಿನಲ್ಲಿ ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಡುತ್ತಾರೆ, 2021ರಿಂದ ಈ ಸೌಲಭ್ಯ ಇದೆ. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ನಿಮ್ಮೂರಿನ ಪೋಸ್ಟಿನಲ್ಲಿ ಒಂದು ಮಾತು ಹೇಳಿಡಿ.

ಪ್ಯಾಕ್ ಮುಗಿಯುವ ದಿನ ನೆನಪಿಡಲು ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿಗಿಂತ ಒಳ್ಳೆಯದು ಯಾವುದೂ ಇಲ್ಲ. ಹಾಕಿಸಿದ ದಿನವೇ ಮುಗಿಯುವ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. 28 ದಿನದ ಪ್ಯಾಕ್ ಪ್ರತಿ ತಿಂಗಳೂ ಎರಡು ಮೂರು ದಿನ ಹಿಂದೆ ಸರಿಯುವುದರಿಂದಲೇ ಹಿರಿಯರು ಎಡವುವುದು. 2022ರ ಟ್ರಾಯ್ ಆದೇಶದಂತೆ 30 ದಿನದ ಒಂದು ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದು ಪ್ಯಾಕ್ ಎಲ್ಲ ಕಂಪನಿಯಲ್ಲೂ ಇರಲೇಬೇಕು. ಪಿಂಚಣಿಯ ಆಸುಪಾಸಿಗೆ ಹೊಂದಿಸಿಕೊಳ್ಳುವವರಿಗೆ ಅದು ಅನುಕೂಲ.

ಬಂದ್ ಆದ ಫೋನಿನಿಂದಲೂ 112

ಔಟ್‌ಗೋಯಿಂಗ್ ಇಲ್ಲದ ಫೋನಿನಿಂದಲೂ 112ಕ್ಕೆ ಕರೆ ಹೋಗುತ್ತದೆ. 2017ರಿಂದ ಈಚೆಗೆ ಮಾರಾಟವಾದ ಬಟನ್ ಸೆಟ್ಟುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರಬೇಕೆಂದು ಸರ್ಕಾರದ ಆದೇಶ. ನಿಮ್ಮ ಮನೆಯ ಸೆಟ್ಟಿನಲ್ಲಿ ಯಾವ ಗುಂಡಿ ಎಂದು ಕೊಂಡ ಅಂಗಡಿಯಲ್ಲಿ ಕೇಳಿ, ಆ ಗುಂಡಿಗೆ ಒಂದು ಚುಕ್ಕೆ ಬಣ್ಣ ಹಚ್ಚಿಡಿ. ಆಂಬುಲೆನ್ಸಿಗೆ 108, ಆರೋಗ್ಯದ ಸಲಹೆಗೆ 104 ಹಳಬರಿಗೆ ಗೊತ್ತಿರುವಂಥವೇ. ಹೊಸದಾಗಿ ಗೊತ್ತಿರಬೇಕಾದದ್ದು 14567. ಹಿರಿಯರಿಗೆಂದೇ ಇರುವ ಎಲ್ಡರ್‌ಲೈನ್ ಇದು, 2021ರಿಂದ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ. ಪಿಂಚಣಿ ನಿಂತದ್ದು, ಮಕ್ಕಳು ನೋಡಿಕೊಳ್ಳದಿರುವುದು, ಆಸ್ತಿಯ ತಕರಾರು, ಮನಸ್ಸಿನ ಬೇಗುದಿ ಯಾವುದನ್ನಾದರೂ ಹೇಳಿಕೊಳ್ಳಬಹುದು.

“ಟ್ರಾಯ್‌ನಿಂದ ಮಾತಾಡ್ತಿದ್ದೀವಿ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತೆ” ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಟ್ರಾಯ್ ಯಾರಿಗೂ ಹಾಗೆ ಫೋನ್ ಮಾಡುವುದಿಲ್ಲ, ಅದಕ್ಕೆ ಯಾರ ನಂಬರನ್ನೂ ಬಂದ್ ಮಾಡುವ ಕೆಲಸವೂ ಇಲ್ಲ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ತಿಳಿಸಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಂಪನಿಯ ಮೇಲಿನ ದೂರಿಗೆ ಅದೇ ಕಂಪನಿಯ ಫೋನಿನಿಂದ 198, ಉಚಿತ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ. ಅಲ್ಲಿ ಬಗೆಹರಿಯದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲೂ ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಫೋನ್ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹಾಗೆಯೇ ಹಳೆಯ ಲ್ಯಾಂಡ್‌ಲೈನ್ ಮನೆಯಲ್ಲಿ ಸುಮ್ಮನೆ ಧೂಳು ತಿನ್ನುತ್ತಿದ್ದರೆ, ಅಂದು ಕಟ್ಟಿದ ಠೇವಣಿ ನಿಮ್ಮದು. ಸಂಪರ್ಕ ರದ್ದು ಮಾಡಿಸಿ, ಬಾಕಿ ಕಳೆದು ಉಳಿದದ್ದನ್ನು ಲಿಖಿತ ಅರ್ಜಿ ಕೊಟ್ಟು ವಾಪಸ್ ಪಡೆಯಿರಿ.

ಯಾರ ದುಡ್ಡು, ಯಾರಿಗೆ?

ಮೇಲೆ ಹೇಳಿದ ದಾರಿಗಳೆಲ್ಲ ಇರುವ ಕಷ್ಟದೊಳಗೆ ಒಂದಿಷ್ಟು ಉಳಿಸಿಕೊಳ್ಳುವಂಥವು. ಕಷ್ಟವೇ ಕಡಿಮೆಯಾಗಬೇಕಾದರೆ ಸರ್ಕಾರದ ಕಡೆ ನೋಡಬೇಕು, ಮತ್ತು ಸರ್ಕಾರದ ಬಳಿ ಅದಕ್ಕೆಂದೇ ದುಡ್ಡಿದೆ.

199 ರೂಪಾಯಿಯ ರೀಚಾರ್ಜಿನಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ, ಅಂದರೆ ಸುಮಾರು 30 ರೂಪಾಯಿ. ಮಿಕ್ಕ ಆದಾಯದ ಮೇಲೆ ಕಂಪನಿಗಳು ಶೇ 5ರಷ್ಟನ್ನು ಸಾರ್ವತ್ರಿಕ ಸೇವೆಗೆಂದು ತೆರಬೇಕು, ಅದು ಹೆಚ್ಚುಕಡಿಮೆ 8 ರೂಪಾಯಿ. ಬಲಗೈಯಲ್ಲಿ 200 ಕೊಟ್ಟ ಸರ್ಕಾರ, ಅದೇ ಅಜ್ಜಿ ಫೋನ್ ಉಳಿಸಿಕೊಳ್ಳಲು ಹೊರಟಾಗ ಎಡಗೈಯಲ್ಲಿ 38ರಷ್ಟನ್ನು ಹಿಂದಕ್ಕೆ ಪಡೆಯುತ್ತಿದೆ. ಆ ಶೇ 5 ಸೇರುವ ನಿಧಿ 2002ರಲ್ಲಿ ಸಾರ್ವತ್ರಿಕ ಸೇವಾ ನಿಧಿ ಎಂದು ಶುರುವಾಯಿತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಬಂತು. ಟವರು, ಕೇಬಲ್ ಎಂದು ಅದರಿಂದ ಬೇಕಾದಷ್ಟು ಖರ್ಚಾಗಿದೆ, ಆಗಲಿ, ಬೇಕಾದ ಕೆಲಸವೇ. ಆದರೆ ಟವರ್ ಊರಿಗೆ ಬಂದರೂ ಅಜ್ಜಿಯ ಫೋನ್ ಬಂದ್ ಆಗಿದ್ದರೆ ಸೇವೆ ಸಾರ್ವತ್ರಿಕವಾಗಲಿಲ್ಲ. ಹಳ್ಳಿ ಮನೆಯ ಲ್ಯಾಂಡ್‌ಲೈನಿಗೆ ಇದೇ ನಿಧಿ ಒಮ್ಮೆ ನೆರವಾಗಿದೆ. ವೃದ್ಧಾಪ್ಯ ವೇತನ ಪಡೆಯುವವರ ಒಂದು ನಂಬರಿಗೆ, ಇಂಟರ್ನೆಟ್ ಇಲ್ಲದ ಮಾತಿನ ಪ್ಯಾಕಿಗೆ ನೆರವಾಗಲು ಏನಡ್ಡಿ? ಫಲಾನುಭವಿಗಳ ಪಟ್ಟಿ ಸರ್ಕಾರದ ಬಳಿಯೇ ಇದೆ, ಅವರ ಆಧಾರ್ ಇದೆ, ನಂಬರೂ ಇದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಹೋಗಿ, ಎರಡು ಬೇಡಿಕೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ವೃದ್ಧಾಪ್ಯ ವೇತನದ ಕೇಂದ್ರದ ಪಾಲು 200ರಿಂದ ಏರಬೇಕು, ಇದು ಒಂದು. 30 ದಿನದ ಮಾತಿನ ಪ್ಯಾಕ್ ಎಲ್ಲ ಕಂಪನಿಯಲ್ಲೂ ಬರಬೇಕು ಮತ್ತು ಪಿಂಚಣಿದಾರರಿಗೆ ಅದರ ಖರ್ಚನ್ನು ಡಿಜಿಟಲ್ ಭಾರತ್ ನಿಧಿ ಭರಿಸಬೇಕು, ಇದು ಇನ್ನೊಂದು. ಪಿಡಿಒ ಸಹಿ, ಸೀಲು ಹಾಕಿಸಿಕೊಂಡ ಪ್ರತಿಗಳಲ್ಲಿ ಒಂದನ್ನು ಜಗಳೂರು ಶಾಸಕರ ಕಚೇರಿಗೆ, ಒಂದನ್ನು ದಾವಣಗೆರೆ ಸಂಸದರ ಕಚೇರಿಗೆ, ಒಂದನ್ನು ದೆಹಲಿಯ ಟ್ರಾಯ್ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಪಂಚಾಯಿತಿಗಳೂ ಇದನ್ನೇ ಮಾಡಿದರೆ ಒಂದೇ ಜಿಲ್ಲೆಯಿಂದ ನೂರಾರು ನಿರ್ಣಯಗಳು ದೆಹಲಿ ತಲುಪುತ್ತವೆ. ಸಭೆಗೆ ಹೋಗುವಾಗ ನಿಮ್ಮ ಕೇರಿಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮಾತು ಅವರೇ ಆಡಲಿ.